ಪರಂಗಿ ಕುಲವಲ್ಲ, ಜ್ಞಾನಸ್ನಾನ

ಕಂಬಂ ಕಣಿವೆಯಲ್ಲಿ ಕನ್ನಡ ಇಂದಿಗೂ ಮನೆಮಾತು ಎಂದರೆ ಬೆಂಗಳೂರಿನಲ್ಲಿ ಅನೇಕರು ನಂಬುವುದಿಲ್ಲ. ತೇಣಿ ಜಿಲ್ಲೆಯ ಈ ಭಾಗದ ಒಕ್ಕಲಿಗರು, ಕಪ್ಪಿಲಿಯರು ತಲೆಮಾರುಗಳಿಂದ ಒಲೆಯ ಮುಂದೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ಬಂದವರು. ಉತ್ತಮಪಾಳಯದ ಹತ್ತಿರದ ರಾಯಪ್ಪನ್‌ಪಟ್ಟಿಯಂಥ ಊರುಗಳಲ್ಲಿ ಕಥೋಲಿಕರು ಅವರ ನೆರೆಯವರು. ಪೆರಿಯಕುಳಂ, ವತ್ತಲಗುಂಡು, ದಿಂಡಿಗಲ್ ಕಡೆಗೆ ಅಮೆರಿಕನ್ ಮದುರೆ ಮಿಷನ್ನಿನ ಕಾಲದ ಪ್ರಾಟೆಸ್ಟೆಂಟ್ ಸಭೆಗಳಿವೆ. ಇಷ್ಟು ಹತ್ತಿರ ಬದುಕಿದರೂ ಕ್ರೈಸ್ತರ ಜ್ಞಾನಸ್ನಾನದ ಬಗ್ಗೆ ಅಲ್ಲಿ ಕೇಳಿಬರುವ ಮಾತುಗಳೂ ನಮ್ಮ ಮೈಸೂರು, ಮಂಡ್ಯದಲ್ಲಿ ಕೇಳಿಬರುವ ಮಾತುಗಳೂ ಒಂದೇ. ಕೂಸಾಗಿದ್ದಾಗಲೇ ಆ ನೀರನ್ನು ತಲೆಯ ಮೇಲೆ ಹೊಯ್ಯಿಸಿಕೊಂಡವನು ನಾನು. ಈ ಮಾತುಗಳು ನನ್ನನ್ನು ನೋಯಿಸುವುದಕ್ಕಿಂತ ಹೆಚ್ಚಾಗಿ ಯೋಚನೆಗೆ ಹಚ್ಚಿವೆ. ಏಕೆಂದರೆ ಕೆಲವು ತಪ್ಪುಗಳನ್ನು ಬಿತ್ತಿದವರು ಕ್ರೈಸ್ತರೇ.

ಮೊದಲು ಪದದ ಮಾತು. ತಮಿಳಿನಲ್ಲಿ ಇದು ಞಾನಸ್ನಾನಂ; ಕಥೋಲಿಕರು ತಿರುಮುಳುಕ್ಕು ಎಂದೂ ಹೇಳುತ್ತಾರೆ. ಕನ್ನಡದಲ್ಲಿ ದೀಕ್ಷಾಸ್ನಾನ, ಸ್ನಾನದೀಕ್ಷೆ, ಜ್ಞಾನಸ್ನಾನ ಮೂರೂ ಬಳಕೆಯಲ್ಲಿವೆ. ಆ ‘ಮುಳುಕ್ಕು’ ನಮ್ಮ ‘ಮುಳುಗು’ವಿನ ಒಡಹುಟ್ಟು. ಬೈಬಲಿನ ಗ್ರೀಕ್ ಮೂಲದಲ್ಲಿರುವ ‘ಬಾಪ್ಟಿಜೋ’ ಎಂಬ ಕ್ರಿಯಾಪದಕ್ಕೂ ಮುಳುಗಿಸು, ಅದ್ದು ಎಂದೇ ಅರ್ಥ.

ತಪ್ಪು ಕಲ್ಪನೆ: ಜ್ಞಾನಸ್ನಾನ ಎಂದರೆ ಪರದೇಶದವರ ಗುಂಪಿಗೆ ಸೇರುವುದು

ಹದಿನಾರನೆಯ ಶತಮಾನದಲ್ಲಿ ತಮಿಳುನಾಡಿನ ಮುತ್ತಿನ ಕರಾವಳಿಯಲ್ಲಿ ದೀಕ್ಷೆಗೆ ಬಂದವರನ್ನು ‘ಪರಂಗಿ ಕುಲಕ್ಕೆ ಸೇರಲು ಒಪ್ಪುತ್ತೀಯಾ’ ಎಂಬ ಅರ್ಥದಲ್ಲಿ ಕೇಳುವ ರೂಢಿ ಬಿದ್ದಿತ್ತು. ಪರಂಗಿ ಎಂದರೆ ಪೋರ್ಚುಗೀಸರು. ಅಂದರೆ ಈ ತಪ್ಪು ಕಲ್ಪನೆ ಯಾರೋ ಹೊರಗಿನವರು ಹಬ್ಬಿಸಿದ ಗಾಳಿಮಾತಲ್ಲ, ವಿಧಿಯ ಪ್ರಶ್ನೆಯೊಳಗೇ ಕೂತಿತ್ತು. ಗೊನ್ಸಾಲೊ ಫೆರ್ನಾಂಡಿಸ್ ಎಂಬ ಪಾದ್ರಿ ಮದುರೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರೂ ಊರಿನವರು ಅವರತ್ತ ಸುಳಿಯಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ?

1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸ್ವಿಟ್ ರಾಬರ್ಟ್ ಡಿ ನೊಬಿಲಿ ಈ ಪ್ರಶ್ನೆಯನ್ನೇ ಕಿತ್ತುಹಾಕಿದರು. ಕಾವಿ ಉಟ್ಟರು, ಮಾಂಸ ಬಿಟ್ಟರು, ತಮಿಳು, ಸಂಸ್ಕೃತ ಕಲಿತರು. ಕ್ರಿಸ್ತನನ್ನು ನಂಬುವವನು ಪೋರ್ಚುಗೀಸನಾಗಬೇಕಿಲ್ಲ; ಜುಟ್ಟು, ಜನಿವಾರ, ಗಂಧ ಇಟ್ಟುಕೊಂಡೇ ದೀಕ್ಷೆ ಪಡೆಯಬಹುದು ಎಂದರು. ಗೋವೆಯ ಚರ್ಚ್ ಅಧಿಕಾರಿಗಳು ಸಿಡಿದೆದ್ದರು. ವಾದ ರೋಮಿನವರೆಗೆ ಹೋಗಿ, 1623ರ ಜನವರಿ 31ರಂದು ಪೋಪ್ ಹದಿನೈದನೇ ಗ್ರೆಗರಿ ನೊಬಿಲಿಯವರ ಪರವಾಗಿ ನಿಂತರು. ಕ್ರೈಸ್ತನಾಗಲು ಮೊದಲು ಪರದೇಶಿಯಾಗಬೇಕು ಎಂಬ ಮಾತು ನಾನೂರು ವರ್ಷಗಳ ಹಿಂದೆಯೇ ಬಿದ್ದುಹೋದದ್ದು ಹೀಗೆ.

ಹಾಗಾದರೆ ದೀಕ್ಷೆ ಪಡೆದವನು ಸೇರುವುದು ಎಲ್ಲಿಗೆ? ಪೌಲನು ರೋಮಿನವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಉತ್ತರವಿದೆ: ಕ್ರಿಸ್ತನ ಸಾವಿಗೂ ಏಳುವಿಕೆಗೂ. ನೀರೊಳಗೆ ಹೋಗುವುದು ಹೂಳಿಸಿಕೊಂಡಂತೆ, ನೀರಿನಿಂದ ಮೇಲೆ ಬರುವುದು ಹೊಸ ಬದುಕಿಗೆ ಎದ್ದಂತೆ. ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳಿ ನೀರು ಹಾಕುವಾಗ ಆಗುವುದು ಇದೇ ಎಂದು ಸಭೆ ನಂಬುತ್ತದೆ. ಯಾವ ದೇಶದ ಹೆಸರೂ ಆ ಮಾತಿನಲ್ಲಿ ಬರುವುದಿಲ್ಲ.

ತಪ್ಪು ಕಲ್ಪನೆ: ಹೆಸರು ಬದಲಾಯಿಸಲೇಬೇಕು

ಬೇಕಿಲ್ಲ. ಬೈಬಲಿನಲ್ಲಿ ದೀಕ್ಷೆಗೂ ಹೊಸ ಹೆಸರಿಗೂ ಗಂಟು ಹಾಕಿಲ್ಲ. ಸಂತರ ಹೆಸರಿಡುವುದು ಮುಂದೆ ಬೆಳೆದ ಪದ್ಧತಿ. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆ ಅದನ್ನು ಬಿಗಿಗೊಳಿಸಿತು. ಇಂದಿನ ಕಥೋಲಿಕ ನಿಯಮ, 1983ರದು, ಕೇಳುವುದು ಇಷ್ಟೇ: ಹೆಸರು ಕ್ರೈಸ್ತ ಭಾವನೆಗೆ ವಿರುದ್ಧವಾಗಿರಬಾರದು.

ಹೆಸರನ್ನು ನಮ್ಮ ನೆಲಕ್ಕೆ ಒಗ್ಗಿಸಿಕೊಂಡ ಬಗೆಯೇ ಚೆಂದ. ತಮಿಳು ಕಥೋಲಿಕರ ಬಾಯಲ್ಲಿ ಪೇತ್ರ ರಾಯಪ್ಪರ್ ಆದ, ಪೌಲ ಚಿನ್ನಪ್ಪರ್ ಆದ. ಹಳೆ ಮೈಸೂರಿನ ಕಥೋಲಿಕ ಮನೆಗಳಲ್ಲಿ ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಚೌರಪ್ಪ, ಅಂತಪ್ಪ ಇದ್ದಾರೆ. ಮಂಗಳೂರಿನಲ್ಲಿ 1844ರ ಜನವರಿ 6ರಂದು ಬಾಸೆಲ್ ಮಿಷನ್ನಿನಲ್ಲಿ ದೀಕ್ಷೆ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಹರ್ಮನ್ ಆನಂದರಾವ್ ಕೌಂಡಿನ್ಯ ಎಂದೇ ಬದುಕಿದರು. ಹೊಸ ಹೆಸರು ಮುಂದೆ ಬಂದು ಕೂತಿತು. ಹೆತ್ತವರಿಟ್ಟ ಹೆಸರೂ, ಗೋತ್ರವನ್ನು ನೆನಪಿಸುವ ಹೆಸರೂ ಹಿಂದೆ ಉಳಿದವು.

ತಪ್ಪು ಕಲ್ಪನೆ: ಆ ನೀರಿಗೇ ಪಾಪ ತೊಳೆಯುವ ಶಕ್ತಿಯಿದೆ

ಸುರುಳಿ ಜಲಪಾತದಲ್ಲಿ ಮಿಂದು ಪಿತೃಗಳಿಗೆ ನೀರು ಬಿಡುವ ಜನರ ನಡುವೆ ಈ ಎಣಿಕೆ ಹುಟ್ಟುವುದು ಸಹಜ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಕ್ರೈಸ್ತ ದೀಕ್ಷೆಯಲ್ಲಿ ತೀರ್ಥಕ್ಷೇತ್ರದ ನೀರು ಎಂಬುದಿಲ್ಲ. ಯೋರ್ದನ್ ನದಿಯ ನೀರೇ ಆಗಬೇಕೆಂದಿಲ್ಲ. ಕಡಲಿನದಾದರೇನು, ಕೆರೆಯದಾದರೇನು, ವ್ಯತ್ಯಾಸವಿಲ್ಲ ಎಂದು ಆದಿ ಸಭೆಯ ಲೇಖಕ ತೆರ್ತುಲಿಯನ್ 1,800 ವರ್ಷಗಳ ಹಿಂದೆಯೇ ವಾದಿಸಿದ್ದರು. 1895ರಿಂದ ಪೆನ್ನಿಕ್ವಿಕ್ ಎಂಬ ಎಂಜಿನಿಯರ್ ಕಟ್ಟಿಸಿದ ಅಣೆಕಟ್ಟೆಯ ಸುರಂಗದಲ್ಲಿ ಬೆಟ್ಟ ದಾಟಿ ಬಂದು ಕಣಿವೆಯ ಭತ್ತಕ್ಕೆ ಹರಿಯುವ ಪೆರಿಯಾರ್ ನೀರೂ ಸಾಕು, ಕೊಡದಲ್ಲಿಟ್ಟ ನಲ್ಲಿ ನೀರೂ ಸಾಕು. ಇದು ಮೈಯ ಕೊಳೆ ತೆಗೆಯುವ ಸ್ನಾನವಲ್ಲ ಎಂದು ಪೇತ್ರನ ಮೊದಲ ಪತ್ರ ಬಿಡಿಸಿಯೇ ಹೇಳುತ್ತದೆ. ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಕೊರ್ನೇಲ್ಯನ ಮನೆಯವರ ಮೇಲೆ ಪವಿತ್ರಾತ್ಮ ಇಳಿದದ್ದು ನೀರು ಮುಟ್ಟುವ ಮೊದಲೇ. ಕ್ಷಮಿಸುವವನು ದೇವರು. ಆ ಕ್ಷಮೆಗೆ ನೀರು ಗುರುತು, ಮುದ್ರೆ. ದೇವರು ಆ ನೀರಿನ ಮೂಲಕವೇ ಕೃಪೆ ಕೊಡುತ್ತಾನೆಂದು ಕಥೋಲಿಕರು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಆದರೂ ನೀರನ್ನೇ ಪೂಜಿಸುವ ಮಾತು ಯಾರಲ್ಲೂ ಇಲ್ಲ.

ತಪ್ಪು ಕಲ್ಪನೆ: ತಲೆಗೆ ನೀರು ಹೊಯ್ದದ್ದು, ಕೂಸಿಗೆ ಕೊಟ್ಟದ್ದು ದೀಕ್ಷೆಯೇ ಅಲ್ಲ

ಇದು ಹೊರಗಿನವರ ತಪ್ಪಲ್ಲ, ನಮ್ಮೊಳಗಿನ ಜಗಳ. ಪೆಂಟೆಕೋಸ್ತ, ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳು ಬುದ್ಧಿ ಬಂದವರನ್ನು ಮಾತ್ರ, ಹೊಳೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸುತ್ತವೆ. ಕಥೋಲಿಕರೂ ದಕ್ಷಿಣ ಭಾರತ ಸಭೆಯವರೂ ಕೂಸುಗಳಿಗೂ ಕೊಡುತ್ತಾರೆ, ಬಹುಪಾಲು ನೀರು ಹೊಯ್ದು. ‘ದಿದಾಖೆ’ ಎಂಬ ಅತಿ ಹಳೆಯ ಕ್ರೈಸ್ತ ಕೈಪಿಡಿ ಹರಿಯುವ ನೀರೇ ಮೇಲು ಎನ್ನುತ್ತದೆ, ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದರೂ ಆದೀತು ಎನ್ನುತ್ತದೆ. ಮುಳುಗಿಸುವುದರಲ್ಲಿ ಅರ್ಥ ಕಣ್ಣಿಗೆ ಕಟ್ಟುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕೂಸು ಕೇಳದೆಯೇ ಸಿಗುವ ತಾಯಿಯ ಹಾಲಿನಂತೆ, ದೇವರ ಕೃಪೆಯೂ ನಮ್ಮ ಉತ್ತರಕ್ಕೆ ಕಾಯುವುದಿಲ್ಲ. ಬೆಳೆದ ಮೇಲೆ ದೃಢೀಕರಣದಲ್ಲಿ ನಾವೇ ಬಾಯಿಬಿಟ್ಟು ಒಪ್ಪುತ್ತೇವೆ. ನನ್ನನ್ನು ಎರಡನೆಯ ಸಲ ಮುಳುಗಲು ಕರೆದವರಿಗೆ ನಾನು ಹೇಳಿದ್ದೂ ಇದನ್ನೇ.

ಪಾದ್ರಿಯೇ ಕೊಡಬೇಕು ಎಂಬುದೂ ಪೂರ್ತಿ ನಿಜವಲ್ಲ. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು; ಸಭೆಯ ಉದ್ದೇಶವೇ ತನ್ನ ಉದ್ದೇಶವಾಗಿದ್ದರೆ ದೀಕ್ಷೆ ಪಡೆಯದವರು ಕೊಟ್ಟರೂ ಕಥೋಲಿಕ ಸಭೆ ಒಪ್ಪುತ್ತದೆ.

ತಪ್ಪು ಕಲ್ಪನೆ: ನೀರು ಬಿದ್ದರೆ ಮುಗಿಯಿತು, ಬದುಕು ಹೇಗಿದ್ದರೂ ನಡೆಯುತ್ತದೆ

ಮರವ ನಾಡಿನ ಅರಸುಮನೆತನದ ತಡಿಯ ತೇವನ್ ದೀಕ್ಷೆ ಕೇಳಿದಾಗ ಜೆಸ್ವಿಟ್ ಪಾದ್ರಿ ಜಾನ್ ಡಿ ಬ್ರಿಟ್ಟೊ, ತಮಿಳರ ಅರುಳಾನಂದರ್, ಮೊದಲು ಕೇಳಿದ್ದು ಅವನ ಸಂಸಾರದ ವಿಷಯ: ಹಲವು ಹೆಂಡಿರಲ್ಲಿ ಒಬ್ಬಳನ್ನು ಮಾತ್ರ ಉಳಿಸಿಕೊಳ್ಳಬೇಕು. ಅವನು ಒಪ್ಪಿ 1693ರ ಜನವರಿಯಲ್ಲಿ ದೀಕ್ಷೆ ಪಡೆದ. ಬಿಟ್ಟವರಲ್ಲಿ ಒಬ್ಬಳು ರಾಮನಾಡಿನ ಅರಸ ಸೇತುಪತಿಯ ಸಂಬಂಧಿ. ಅರಸನ ಸಿಟ್ಟಿಗೆ ಫೆಬ್ರವರಿ 4ರಂದು ಓರಿಯೂರಿನಲ್ಲಿ ಬ್ರಿಟ್ಟೊ ಅವರ ತಲೆ ಉರುಳಿತು. ಬಿಡಲ್ಪಟ್ಟ ಆ ಹೆಂಗಸರ ಗತಿ ಏನಾಯಿತು ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಆದರೆ ದೀಕ್ಷೆಯೆಂಬುದು ತೋರಿಕೆಯ ಶಾಸ್ತ್ರವಾಗಿದ್ದರೆ ಅಲ್ಲಿ ಯಾರ ತಲೆಯೂ ಹೋಗುತ್ತಿರಲಿಲ್ಲ.

ತಪ್ಪು ಕಲ್ಪನೆ: ಜ್ಞಾನಸ್ನಾನವಾದರೆ ಜಾತಿ ಹೋಗುತ್ತದೆ

ಹೋಗಬೇಕಿತ್ತು. ಕ್ರಿಸ್ತನನ್ನು ತೊಟ್ಟುಕೊಂಡವರಲ್ಲಿ ಯೆಹೂದ್ಯ–ಗ್ರೀಕ, ಆಳು–ಒಡೆಯ ಎಂಬ ಭೇದವಿಲ್ಲ ಎಂದು ಪೌಲನು ಗಲಾತ್ಯದವರಿಗೆ ಬರೆದ. ಆದರೆ ನೊಬಿಲಿಯವರು ಜುಟ್ಟು, ಜನಿವಾರದ ಜೊತೆಗೆ ಮೇಲು–ಕೀಳಿಗೂ ಜಾಗ ಬಿಟ್ಟರು. ಜೆಸ್ವಿಟರ ಮದುರೆ ಮಿಷನ್ನಿನಲ್ಲಿ ಮೇಲ್ಜಾತಿಗೆ ಸನ್ಯಾಸಿ ಗುರುಗಳು, ಉಳಿದವರಿಗೆ ಪಂಡಾರ ಗುರುಗಳು ಎಂದು ಎರಡು ಸಾಲಾಯಿತು. ಭಾಷೆ, ಉಡುಗೆ ಉಳಿಸಿಕೊಟ್ಟದ್ದಕ್ಕೆ ಅವರಿಗೆ ಕೈಮುಗಿಯುವ ನಾನು ಇದೊಂದನ್ನು ಮಾತ್ರ ಒಪ್ಪಲಾರೆ. ತಮಿಳುನಾಡಿನ ದಕ್ಷಿಣ ತುದಿಯ ವಡಕ್ಕನ್‌ಕುಳಂ ಇಗರ್ಜಿಯೊಳಗೆ ಜಾತಿಗಳನ್ನು ಬೇರ್ಪಡಿಸಿದ ಗೋಡೆಗಳು ಬಿದ್ದದ್ದು 1910ರಲ್ಲಿ.

ಕಾನೂನು ಮಾತ್ರ ಜಾತಿ ಹೋಯಿತು ಎಂದೇ ಹಿಡಿಯುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಅನ್ವಯಿಸುತ್ತಿತ್ತು, 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. 1967ರಲ್ಲಿ ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ ಗೆದ್ದ ಎಸ್. ರಾಜಗೋಪಾಲ್ ಹಿಂದೆ ಕ್ರೈಸ್ತರಾಗಿದ್ದರೆಂಬ ಕಾರಣಕ್ಕೆ ಅವರ ಆಯ್ಕೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಮಹಿಳೆಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ನಿರಾಕರಿಸುವಾಗ ಅದೇ ಕೋರ್ಟು ನೋಡಿದ ಸಾಕ್ಷ್ಯಗಳಲ್ಲಿ ಆಕೆ ಕೂಸಾಗಿದ್ದಾಗ ನಡೆದ ಜ್ಞಾನಸ್ನಾನವೂ ಒಂದು. ತಮಿಳುನಾಡು ಸರ್ಕಾರ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗವೆಂದು ಎಣಿಸುತ್ತದೆ. ತಲೆಗೆ ಬಿದ್ದ ಮೂರು ಬೊಗಸೆ ನೀರಿನಿಂದ ಸರ್ಕಾರದ ಪಟ್ಟಿಯಲ್ಲಿ ಜಾತಿ ಅಳಿಸಿಹೋಗುತ್ತದೆ. ಪಕ್ಕದ ಬೀದಿಯವರ ಮನಸ್ಸಿನಲ್ಲಿ, ಎಷ್ಟೋ ಕಡೆ ಇಗರ್ಜಿಯ ಸಮಾಧಿಭೂಮಿಯಲ್ಲಿ, ಅದು ಹಾಗೇ ಇರುತ್ತದೆ.