ನೇಪಾಳದ ಖುಕುರಿ ಮತ್ತು ಅದರ ಚರ್ಮದ ಒರೆ: ಒಂದು ಕುಶಲೋದ್ಯಮದ ಪರಿಚಯ

ಕರಕುಶಲ ವಸ್ತುಗಳ ವ್ಯಾಪಾರದಲ್ಲಿ ಮುಖ್ಯ ವಸ್ತುವಿನ ಬೆಲೆಯನ್ನು ಎಚ್ಚರದಿಂದ ನಿಗದಿಪಡಿಸಿ, ಅದರ ಹೊದಿಕೆಯ ಬೆಲೆಯನ್ನು ಆದಷ್ಟು ತಗ್ಗಿಸುವ ರೂಢಿ ವ್ಯಾಪಕವಾಗಿದೆ. ಹೊದಿಕೆಯು ಕೇವಲ ಪೊಟ್ಟಣವಾಗಿದ್ದಲ್ಲಿ ಈ ರೂಢಿ ತಪ್ಪಲ್ಲ. ಆದರೆ ಹೊದಿಕೆಯೇ ವಸ್ತುವಿನ ಒಂದು ಅಂಗವಾಗಿದ್ದಾಗ ಇಂತಹ ಉಳಿತಾಯ ನಷ್ಟಕ್ಕೆ ದಾರಿಯಾಗುತ್ತದೆ. ನೇಪಾಳದ ಖುಕುರಿ ಇದಕ್ಕೆ ಉತ್ತಮ ನಿದರ್ಶನ. ಅಲಗು ಎಷ್ಟೇ ಶ್ರೇಷ್ಠವಾಗಿದ್ದರೂ ಅದರ ಒರೆ ಸರಿಯಿಲ್ಲದಿದ್ದರೆ ಬಳಸುವವರ ಕೈಗೆ ಗಾಯ, ಉಕ್ಕಿಗೆ ತುಕ್ಕು, ಮಾರಿದವರಿಗೆ ಹಿಂದಿರುಗುವ ಸರಕು ಇವು ಖಚಿತ.

ಬಳಕೆ ಮತ್ತು ಮಾರುಕಟ್ಟೆ

ಖುಕುರಿ ಮೂಲತಃ ನೇಪಾಳದ ಗುಡ್ಡಗಾಡಿನ ರೈತಾಪಿ ಜನರ ದಿನಬಳಕೆಯ ಕತ್ತಿ. ಸೌದೆ ಸೀಳಲು, ಪೊದೆ ಸವರಲು, ಮಾಂಸ ಕತ್ತರಿಸಲು, ದಶೈಂ ಹಬ್ಬದ ಬಲಿಗೆ ಅದೇ ಸಾಧನ. ಹೊರಜಗತ್ತಿಗೆ ಅದು ಪರಿಚಯವಾದದ್ದು ಸೈನಿಕರ ಮೂಲಕ. 1814ರಿಂದ 1816ರವರೆಗೆ ನಡೆದ ಯುದ್ಧದ ಅವಧಿಯಲ್ಲಿಯೇ, 1815ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯು ಗೂರ್ಖಾ ಪಡೆಗಳನ್ನು ಕಟ್ಟಲಾರಂಭಿಸಿತು. 1947ರಲ್ಲಿ ಆಗಿನ ಹತ್ತು ಗೂರ್ಖಾ ರೆಜಿಮೆಂಟುಗಳ ಪೈಕಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಹಂಚಿಕೆಯಾದವು. 1948ರಲ್ಲಿ ಭಾರತವು ಹನ್ನೊಂದನೆಯ ಗೂರ್ಖಾ ರೈಫಲ್ಸನ್ನು ಮತ್ತೆ ಕಟ್ಟಿತು. ಈ ಪಡೆಗಳ ಲಾಂಛನಗಳಲ್ಲಿ ಖುಕುರಿಗೆ ಪ್ರಮುಖ ಸ್ಥಾನವಿದೆ.

ಪೂರ್ವ ನೇಪಾಳದ ಭೋಜಪುರ ಖುಕುರಿ ತಯಾರಿಕೆಗೆ ಹೆಸರಾದ ಜಿಲ್ಲೆ. ತಪ್ಪಲಿನ ಧರಾನ್ ನಗರವೂ ಈ ಕಸುಬಿನ ಕೇಂದ್ರ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ದಶಕಗಳ ಕಾಲ ಅಲ್ಲಿ ಬ್ರಿಟಿಷ್ ಸೇನೆಯ ಗೂರ್ಖಾ ನೇಮಕಾತಿ ಶಿಬಿರವಿತ್ತು. ಇಂದು ಸೈನ್ಯದ ಬೇಡಿಕೆಯ ಜೊತೆಗೆ ಪ್ರವಾಸಿಗರು, ನಿವೃತ್ತ ಯೋಧರು, ಸಂಗ್ರಾಹಕರು ಮತ್ತು ವಿದೇಶಗಳ ಶಿಬಿರಪ್ರಿಯರು ಇದರ ಗ್ರಾಹಕರಾಗಿದ್ದಾರೆ.

ಅಲಗಿನ ರಚನೆ

ಖುಕುರಿಯ ಅಲಗು ಮುಂದಕ್ಕೆ ಬಾಗಿದ್ದು, ಹಿಡಿಯ ಬಳಿ ಕಿರಿದಾಗಿ, ಬಾಗಿನ ಮುಂದೆ ಅಗಲವಾಗಿ, ತುದಿಯಲ್ಲಿ ಮೊನಚಾಗುತ್ತದೆ. ಸಾಮಾನ್ಯ ಖುಕುರಿಯ ಅಲಗಿನ ಉದ್ದ 10ರಿಂದ 12 ಅಂಗುಲ. ತೂಕ ಮುಂಭಾಗದಲ್ಲಿ ಹೆಚ್ಚಿರುವುದರಿಂದ ಏಟಿಗೆ ಕೊಡಲಿಯ ಬಲ ದೊರೆಯುತ್ತದೆ. ಹಳೆಯ ಲಾರಿ, ಬಸ್ಸುಗಳ ಸ್ಪ್ರಿಂಗ್ ಪಟ್ಟಿಯ ಉಕ್ಕೇ ಹೆಚ್ಚಾಗಿ ಇದರ ಕಚ್ಚಾ ಸಾಮಗ್ರಿ. ಕುಲುಮೆಯಲ್ಲಿ ಕಾಯಿಸಿ ಬಡಿದು ರೂಪಿಸಿದ ಅಲಗಿಗೆ ಹದ ಕೊಡುವ ವಿಧಾನ ಗಮನಾರ್ಹವಾದುದು. ಕೆಂಪಗೆ ಕಾದ ಅಲಗನ್ನು ನೀರಿನಲ್ಲಿ ಮುಳುಗಿಸುವ ಬದಲು, ಚಹಾದ ಕೆಟಲಿನಿಂದ ಹರಿತದ ಅಂಚಿನ ಮೇಲೆ ಮಾತ್ರ ನೀರು ಸುರಿಯಲಾಗುತ್ತದೆ. ಇದರಿಂದ ಅಂಚು ಗಡುಸಾಗುತ್ತದೆ, ಬೆನ್ನು ಮೆದುವಾಗಿ ಉಳಿದು ಪೆಟ್ಟನ್ನು ತಾಳಿಕೊಳ್ಳುತ್ತದೆ.

ಹಿಡಿಯನ್ನು ಶೀಶಮ್ ಮರ ಅಥವಾ ಎಮ್ಮೆಯ ಕೊಂಬಿನಿಂದ ಮಾಡಿ, ‘ಲಾಹಾ’ ಎಂಬ ರಾಳದಂಟಿನಿಂದ ಅಲಗಿಗೆ ಕೂಡಿಸಲಾಗುತ್ತದೆ. ಖುಕುರಿಯ ಜೊತೆಗೆ ಎರಡು ಚಿಕ್ಕ ಉಪಕರಣಗಳಿರುತ್ತವೆ: ಸಣ್ಣ ಕೆಲಸಗಳಿಗೆ ‘ಕರ್ದಾ’ ಎಂಬ ಚಾಕು, ಮತ್ತು ಅಂಚನ್ನು ತೀಡಲು ‘ಚಕ್ಮಕ್’ ಎಂಬ ಮೊಂಡು ಉಕ್ಕು. ಇವೆರಡಕ್ಕೂ ಒರೆಯ ಹಿಂಬದಿಯಲ್ಲಿ ಸ್ಥಳ ಕಲ್ಪಿಸಬೇಕಾಗುತ್ತದೆ.

ಒರೆಯ ಸಮಸ್ಯೆ ಏನು?

ನೇರವಾದ ಚಾಕುವಿನ ಒರೆ ಅಲಗನ್ನು ಅಗಲದಲ್ಲಿಯೂ ಬಿಗಿಯಾಗಿ ಹಿಡಿಯಬಲ್ಲದು. ಖುಕುರಿಯಲ್ಲಿ ಇದು ಸಾಧ್ಯವಿಲ್ಲ. ಅಲಗಿನ ಅತ್ಯಂತ ಅಗಲವಾದ ಭಾಗ ಮುಂದೆ ಇರುವುದರಿಂದ ಒರೆಯ ಬಾಯಿಯನ್ನು ಆ ಭಾಗ ಹಾದುಹೋಗುವಷ್ಟು ಅಗಲವಾಗಿ ಬಿಡಲೇಬೇಕು. ಅಲಗು ಪೂರ್ತಿಯಾಗಿ ಒಳಸೇರಿದಾಗ ಬಾಯಿಯ ಬಳಿ ಉಳಿಯುವುದು ಅದರ ಕಿರಿದಾದ ಭಾಗ. ಅಲ್ಲಿ ಅಂತರ ಉಳಿಯುತ್ತದೆ. ಆದುದರಿಂದ ಖುಕುರಿಯ ಒರೆಯು ಅಲಗನ್ನು ಅಗಲದಿಂದಲ್ಲ, ದಪ್ಪದಿಂದ ಹಿಡಿಯಬೇಕಾಗುತ್ತದೆ. ಅಲಗಿನ ಬೆನ್ನು ಹಿಡಿಯ ಕಡೆ ದಪ್ಪವಾಗಿದ್ದು, ಕೊನೆಯ ಒಂದೆರಡು ಅಂಗುಲ ಒಳಹೋಗುವಾಗ ಒರೆಯ ಬಾಯಿಯಲ್ಲಿ ಬೆಣೆಯಂತೆ ಬಿಗಿಯುತ್ತದೆ. ಬಿಗಿತ ಹೆಚ್ಚಾದರೆ ಅಲಗು ಹೊರಬರದು. ಕಡಿಮೆಯಾದರೆ ಒರೆಯನ್ನು ತಲೆಕೆಳಗಾಗಿಸಿದಾಗ ಜಾರಿ ಬೀಳುತ್ತದೆ.

ಕೇವಲ ಚರ್ಮದಿಂದ ಈ ಬಿಗಿತವನ್ನು ಬಹುಕಾಲ ಕಾಯ್ದುಕೊಳ್ಳಲಾಗದು, ಏಕೆಂದರೆ ಬಳಕೆಯಿಂದ ಚರ್ಮ ಹಿಗ್ಗುತ್ತದೆ. ಈ ಕಾರಣದಿಂದಲೇ ‘ದಾಪ್’ ಎಂದು ಕರೆಯಲಾಗುವ ಸಾಂಪ್ರದಾಯಿಕ ಒರೆಗೆ ಮರದ ಒಳಗವಸು ಇರುತ್ತದೆ.

ತಯಾರಿಕೆಯ ಹಂತಗಳು

ಮೊದಲು ಹಗುರವಾದ ಮೆದು ಮರದ ಎರಡು ಹೋಳುಗಳನ್ನು ಆಯ್ದು, ಅವುಗಳ ಮೇಲೆ ಅಲಗನ್ನಿಟ್ಟು ಗುರುತು ಮಾಡಲಾಗುತ್ತದೆ. ಗುರುತಿನ ಒಳಭಾಗವನ್ನು ಅಲಗಿನ ದಪ್ಪಕ್ಕೆ ತಕ್ಕಂತೆ ತೋಡಿ, ಹೋಳುಗಳನ್ನು ಅಂಟಿನಿಂದ ಕೂಡಿಸಿ, ಹೊರಮೈಯನ್ನು ನಯವಾಗಿ ಕೆತ್ತಲಾಗುತ್ತದೆ. ಪ್ರತಿಯೊಂದು ಅಲಗೂ ಕೈಯಿಂದ ರೂಪುಗೊಂಡದ್ದಾದ್ದರಿಂದ ಎರಡು ಅಲಗುಗಳು ನಿಖರವಾಗಿ ಒಂದೇ ಆಗಿರುವುದಿಲ್ಲ. ಒಂದರ ಒರೆ ಮತ್ತೊಂದಕ್ಕೆ ಹೊಂದುವುದೂ ಇಲ್ಲ.

ಮುಂದಿನದು ಚರ್ಮದ ಕೆಲಸ. ನೇಪಾಳದಲ್ಲಿ ಗೋಹತ್ಯೆ ನಿಷಿದ್ಧವಾಗಿರುವುದರಿಂದ ಎಮ್ಮೆ, ಕೋಣಗಳ ಚರ್ಮವೇ ಮುಖ್ಯವಾಗಿ ಬಳಕೆಯಲ್ಲಿದೆ. ಹದ ಮಾಡಿದ ಚರ್ಮವನ್ನು ಅಳತೆಗೆ ಕತ್ತರಿಸಿ, ಅಂಚನ್ನು ತೆಳುಗೊಳಿಸಿ, ನೀರಿನಲ್ಲಿ ನೆನೆಸಿ, ಮರದ ಗವಸಿನ ಮೇಲೆ ಎಳೆದು ಸುತ್ತಲಾಗುತ್ತದೆ. ಆರಿಯಿಂದ ತೂತಿಟ್ಟು ಹಿಂಬದಿಯಲ್ಲಿ ಹೊಲಿಗೆ ಹಾಕಲಾಗುತ್ತದೆ. ಒದ್ದೆ ಚರ್ಮ ಒಣಗುತ್ತಾ ಕುಗ್ಗಿ, ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅನಂತರ ಕರ್ದಾ, ಚಕ್ಮಕ್‌ಗಳ ಕಿರುಚೀಲಗಳು, ಸೊಂಟಪಟ್ಟಿಗೆ ಸಿಕ್ಕಿಸುವ ಚರ್ಮದ ಪಟ್ಟಿ ಮತ್ತು ತುದಿಗೆ ಲೋಹದ ಕುಪ್ಪಿಗೆಯನ್ನು ಜೋಡಿಸಿ, ಬಣ್ಣ ಕೊಟ್ಟು ಹೊಳಪು ನೀಡಲಾಗುತ್ತದೆ. ಉಡುಗೊರೆಗೆಂದು ತಯಾರಿಸುವ ‘ಕೋಥಿಮೋರಾ’ ಎಂಬ ಬಗೆಯಲ್ಲಿ ಒರೆಗೆ ಮಖಮಲ್ಲು ಹೊದಿಸಿ ಬೆಳ್ಳಿಯ ಕುಸುರಿ ಕೆಲಸ ಮಾಡಲಾಗುತ್ತದೆ.

ದೋಷಗಳು ಹುಟ್ಟುವ ಬಗೆ

ಮರದ ಗವಸಿನಿಂದ ಮತ್ತೊಂದು ಪ್ರಯೋಜನವಿದೆ: ಚರ್ಮ ಮತ್ತು ಉಕ್ಕು ಪರಸ್ಪರ ತಾಗುವುದಿಲ್ಲ. ಕ್ರೋಮ್ ವಿಧಾನದಲ್ಲಿ ಹದ ಮಾಡಿದ ಚರ್ಮದಲ್ಲಿ ಲವಣಾಂಶ ಉಳಿದಿರಬಹುದು. ಮರದ ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಆಮ್ಲಗುಣದ ಅಂಶವಿರುತ್ತದೆ. ತೇವ ಸೇರಿದಾಗ ಎರಡೂ ಉಕ್ಕನ್ನು ಕೆಡಿಸುತ್ತವೆ. ವೆಚ್ಚ ಉಳಿಸಲು ಮರದ ಗವಸನ್ನು ಕೈಬಿಟ್ಟ ಒರೆಗಳಲ್ಲಿ ಈ ಅಪಾಯ ನೇರವಾಗಿಯೇ ಇರುತ್ತದೆ.

ಎರಡನೆಯ ದೋಷ ಆತುರದಿಂದ ಹುಟ್ಟುವಂಥದು. ಒದ್ದೆ ಚರ್ಮ ಮೇಲ್ನೋಟಕ್ಕೆ ಬೇಗ ಒಣಗಿದಂತೆ ಕಂಡರೂ ಅದರ ಕೆಳಗಿನ ಮರ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಂತಹ ಒರೆಗೆ ಅಲಗನ್ನು ಸೇರಿಸಿ, ಪ್ಲಾಸ್ಟಿಕ್ ಸುತ್ತಿ ರವಾನಿಸಿದರೆ ಪೆಟ್ಟಿಗೆ ತೆರೆಯುವ ವೇಳೆಗೆ ತುಕ್ಕು ಹಿಡಿದಿರುತ್ತದೆ. ಮಳೆಗಾಲದಲ್ಲಿ ಕೆತ್ತಿದ ಮರ ಶುಷ್ಕ ಹವೆಯ ದೇಶಕ್ಕೆ ಹೋದಾಗ ಕುಗ್ಗುವುದರಿಂದ ಅಲಗು ಒಳಗೇ ಸಿಕ್ಕಿಕೊಳ್ಳುವುದು ಅಥವಾ ಅಂಟಿದ ಸಂದು ಬಿರಿಯುವುದು ಮೂರನೆಯ ದೋಷ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು. ಮರದ ಹೋಳುಗಳು ಕೂಡುವ ಸಂದು ಅಲಗಿನ ಹರಿತ ಅಂಚಿನ ಎದುರಿಗೇ ಬರುತ್ತದೆ. ಅಂಟು ದುರ್ಬಲವಾಗಿದ್ದರೆ ಅಲಗನ್ನು ಎಳೆಯುವಾಗ ಅಂಚು ಸಂದನ್ನೂ ಮೇಲಿನ ಚರ್ಮವನ್ನೂ ಸೀಳಿ ಹೊರಬರಬಹುದು. ಆದ್ದರಿಂದ ಒರೆಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯದೆ, ಬೆರಳುಗಳನ್ನು ಹರಿತದ ಬದಿಗೆ ಬಾರದಂತೆ ಬೆನ್ನಿನ ಬದಿಯಲ್ಲಿಯೇ ಇರಿಸಿ, ಅಲಗಿನ ಬೆನ್ನನ್ನು ಒರೆಗೆ ಒತ್ತಿಕೊಂಡೇ ಎಳೆಯಬೇಕೆಂಬುದು ಅನುಭವಿಗಳ ನಿಯಮ. ಹೊಸ ಗ್ರಾಹಕನಿಗೆ ಈ ವಿಷಯ ತಿಳಿದಿರುವುದಿಲ್ಲ. ಪ್ರತಿ ಪೆಟ್ಟಿಗೆಯಲ್ಲಿಯೂ ಚಿತ್ರಸಹಿತ ಸೂಚನಾಪತ್ರ ಇರಿಸುವುದು ಮಾರಾಟಗಾರರ ಹೊಣೆ.

ಕಸುಬಿನವರ ಸ್ಥಿತಿ

ನೇಪಾಳದಲ್ಲಿ ಅಲಗು ಬಡಿಯುವವರು ಸಾಂಪ್ರದಾಯಿಕವಾಗಿ ಕಾಮಿ ಅಥವಾ ವಿಶ್ವಕರ್ಮ ಸಮುದಾಯದವರು. ಚರ್ಮದ ಕೆಲಸ ಮಾಡುವವರು ಸಾರ್ಕಿ ಸಮುದಾಯದವರು. 1854ರ ‘ಮುಲುಕಿ ಐನ್’ ಕಾನೂನು ಇವರೀರ್ವರನ್ನೂ ಅಸ್ಪೃಶ್ಯರ ಶ್ರೇಣಿಯಲ್ಲಿರಿಸಿತ್ತು. 1963ರ ಹೊಸ ಸಂಹಿತೆ ಆ ವ್ಯವಸ್ಥೆಯ ಕಾನೂನು ಮಾನ್ಯತೆಯನ್ನು ಕೊನೆಗೊಳಿಸಿತು. 2011ರಲ್ಲಿ ಜಾತಿ ತಾರತಮ್ಯವನ್ನು ಶಿಕ್ಷಾರ್ಹಗೊಳಿಸುವ ಪ್ರತ್ಯೇಕ ಕಾಯಿದೆ ಬಂತು. 2015ರ ಸಂವಿಧಾನದ 40ನೆಯ ವಿಧಿಯು ದಲಿತ ಸಮುದಾಯಕ್ಕೆ ತನ್ನ ಸಾಂಪ್ರದಾಯಿಕ ವೃತ್ತಿ, ಜ್ಞಾನ, ಕೌಶಲಗಳನ್ನು ಬಳಸುವ ಹಾಗೂ ಬೆಳೆಸುವ ಹಕ್ಕನ್ನು ನೀಡಿದೆ. ಅಂತಹ ವೃತ್ತಿಗೆ ಸಂಬಂಧಿಸಿದ ಆಧುನಿಕ ವ್ಯವಸಾಯಗಳಲ್ಲಿ ಆ ಸಮುದಾಯಕ್ಕೆ ಆದ್ಯತೆ ನೀಡಬೇಕೆಂದೂ ಹೇಳಿದೆ.

ಕಾನೂನು ಬದಲಾದಷ್ಟು ವೇಗವಾಗಿ ಕಸುಬಿನ ಗೌರವ ಬದಲಾಗುವುದಿಲ್ಲ. ಅವಮಾನ ಮತ್ತು ಅಲ್ಪ ಪ್ರತಿಫಲ ಎರಡೂ ಸೇರಿದಲ್ಲಿ ಮಕ್ಕಳು ತಂದೆಯ ಕಸುಬನ್ನು ಬಿಟ್ಟು ವಿದೇಶದ ಕೂಲಿಗೆ ಹೋಗುವುದು ಸಹಜ. ಅಲಗಿನ ಮೇಲೆ ಕಮ್ಮಾರನ ಗುರುತಾದರೂ ಇರಬಹುದು, ಒರೆಯ ಮೇಲೆ ಹೊಲಿದವನ ಗುರುತಿರುವುದು ವಿರಳ. ಒರೆಗೆ ತಕ್ಕ ಕೂಲಿ ದೊರೆಯದಿದ್ದಲ್ಲಿ ಮೊದಲು ನಷ್ಟವಾಗುವುದು ಅಲಗಿನ ವಿದ್ಯೆಯಲ್ಲ, ಅದನ್ನು ಸುರಕ್ಷಿತವಾಗಿ ಕೊಂಡೊಯ್ಯುವಂತೆ ಮಾಡುವ ಈ ವಿದ್ಯೆ.

ವ್ಯಾಪಾರಿಗಳು ಗಮನಿಸಬೇಕಾದ ಅಂಶಗಳು

ಖರೀದಿಯ ಕರಾರಿನಲ್ಲಿ ಅಲಗಿನಂತೆಯೇ ಒರೆಯ ವಿವರಗಳನ್ನೂ ನಮೂದಿಸತಕ್ಕದ್ದು: ಮರದ ಗವಸು, ಚರ್ಮದ ಬಗೆ, ಹೊಲಿಗೆ ಮತ್ತು ಒಣಗಿಸುವ ಅವಧಿ. ಅಲಗು, ಒರೆಗಳಿಗೆ ಒಂದೇ ಸಂಖ್ಯೆಯನ್ನು ಒತ್ತಿಸಿದರೆ ಪ್ಯಾಕಿಂಗ್ ಸಮಯದಲ್ಲಿ ಜೋಡಿ ಬದಲಾಗದು. ಸರಕನ್ನು ಸ್ವೀಕರಿಸುವಾಗ ಒರೆಯನ್ನು ತಲೆಕೆಳಗಾಗಿ ಹಿಡಿದು ಅಲಗು ಜಾರದಿರುವುದನ್ನು, ಅಲುಗಾಡಿಸಿದಾಗ ಸದ್ದಾಗದಿರುವುದನ್ನು, ಸಂದಿನಲ್ಲಿ ಬಿರುಕಿಲ್ಲದಿರುವುದನ್ನು ಪರೀಕ್ಷಿಸಬೇಕು. ದೀರ್ಘಕಾಲ ದಾಸ್ತಾನು ಇಡುವಾಗ ಅಲಗಿಗೆ ಎಣ್ಣೆ ಸವರಿ, ಒರೆಯಿಂದ ಹೊರಗೆ, ಕಾಗದದಲ್ಲಿ ಸುತ್ತಿಡುವುದು ಕ್ಷೇಮ.

ಕಾನೂನಿನ ಕಡೆಗೂ ಲಕ್ಷ್ಯ ಅಗತ್ಯ. ಭಾರತದಲ್ಲಿ 1959ರ ಆಯುಧ ಅಧಿನಿಯಮದಡಿ ರಚಿತವಾದ 2016ರ ನಿಯಮಗಳು, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗಿನ ಚಾಕುಗಳನ್ನು ಆಯುಧಗಳ ಐದನೆಯ ವರ್ಗದಲ್ಲಿರಿಸಿವೆ. ಅಲ್ಲಿ ಖುಕುರಿಯ ಹೆಸರು ಸ್ಪಷ್ಟವಾಗಿಯೇ ಇದೆ. ಗೃಹಬಳಕೆ ಹಾಗೂ ಕೃಷಿ ಉದ್ದೇಶಕ್ಕೆ ರೂಪಿಸಿದವುಗಳಿಗೆ ವಿನಾಯಿತಿ ಇದೆ. ಆದರೂ ಆಮದು ಅಥವಾ ಮಾರಾಟಕ್ಕೆ ತೊಡಗುವ ಮುನ್ನ ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಉತ್ತರ ಪಡೆಯುವುದು ಲೇಸು. ಸುಂಕದ ವರ್ಗೀಕರಣದಲ್ಲಿ ಚಾಕುಗಳು 8211ನೆಯ ಶೀರ್ಷಿಕೆಯಲ್ಲಿ ಬರುತ್ತವೆ, ಖಡ್ಗಗಳು ಮತ್ತು ಅವುಗಳ ಒರೆಗಳು 9307ರಲ್ಲಿ ಬರುತ್ತವೆ. ಸರಕು ಯಾವುದಕ್ಕೆ ಸೇರುತ್ತದೆಂಬುದನ್ನು ಕಸ್ಟಮ್ಸ್ ಏಜೆಂಟರ ಮೂಲಕ ಮೊದಲೇ ನಿರ್ಧರಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ 18 ವರ್ಷದೊಳಗಿನವರಿಗೆ ಚಾಕು ಮಾರುವುದು ಅಪರಾಧ. ಶೀಶಮ್ ಸೇರಿದಂತೆ ಬೀಟೆಯ ಕುಲದ ಮರಗಳು 2017ರ ಜನವರಿಯಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವುದರಿಂದ ಮರದ ಹಿಡಿಯ ಸರಕಿಗೆ ಆ ನಿಯಮಗಳೂ ಅನ್ವಯಿಸಬಹುದು.

ಒಂದು ವಸ್ತು ಹಲವು ಕೈಗಳಲ್ಲಿ ರೂಪುಗೊಳ್ಳುವಾಗ ಕೊನೆಯ ಕೈಗೆ ಉಳಿಯುವುದು ಸಾಮಾನ್ಯವಾಗಿ ಅತಿ ಕಡಿಮೆ ಹಣ ಮತ್ತು ಅತಿ ಕಡಿಮೆ ಸಮಯ. ಖುಕುರಿಯ ವಿಷಯದಲ್ಲಿ ಆ ಕೊನೆಯ ಕೈ ಚರ್ಮದ ಕುಶಲಕರ್ಮಿಯದು. ಒರೆ ಚೆನ್ನಾಗಿ ಒಣಗಲು ಕೆಲವು ದಿನಗಳ ಅವಕಾಶವನ್ನೂ, ಹೊಲಿಗೆಗೆ ನ್ಯಾಯವಾದ ಕೂಲಿಯನ್ನೂ ನೀಡುವ ವ್ಯಾಪಾರಿಗೆ ಆ ವೆಚ್ಚ ಹೊರೆಯಾಗದು. ಹಿಂದಿರುಗುವ ಸರಕು ಕಡಿಮೆಯಾದಂತೆ ಅದು ತಾನಾಗಿಯೇ ವಸೂಲಾಗುತ್ತದೆ.