ಗಿಡದ ಜಾತಕ ಓದುವ ವಿದ್ಯೆ: ನಮ್ಮ ಮಕ್ಕಳಿಗೂ ಅದರಲ್ಲಿ ಜಾಗವುಂಟು



ಕಳೆದ ತಿಂಗಳು ಗೊಬ್ಬರದ ಬೇಡಿಕೆ ಬರೆಸಲು ಸಂಘದ ಕಚೇರಿಗೆ ಬಂದಿದ್ದ ಹನೂರು ಕಡೆಯ ಅಡಿಕೆ ಬೆಳೆಗಾರರೊಬ್ಬರು, ಕೆಲಸ ಮುಗಿದ ಮೇಲೂ ಬೆಂಚು ಬಿಟ್ಟು ಏಳಲಿಲ್ಲ. ಜೊತೆಯಲ್ಲಿ ಮಗಳಿದ್ದಳು. ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಮುಗಿಸಿದ ಹುಡುಗಿ. ಕಡೆಗೆ ಅವರೇ ಬಾಯಿ ಬಿಟ್ಟರು: "ಸಾ, ಇವ್ಳು ಕಂಪ್ಯೂಟರ್‌ನಲ್ಲಿ ಗಿಡ ಓದೋ ಕೋರ್ಸು ಸೇರ್ತೀನಿ ಅಂತವ್ಳೆ. ಆರು ತಿಂಗ್ಳಿಗೆ ಒಂದೂವರೆ ಲಕ್ಷ ಅಂತೆ. ಗಿಡ ತೋಟದಲ್ಲಲ್ವಾ ಇರೋದು? ಸಂಘದಿಂದ ಏನಾರ ಸಾಲ ಸಿಕ್ತದಾ?"

ಹುಡುಗಿ ಒಂದು ಜಾಹೀರಾತನ್ನು ಮೇಜಿನ ಮೇಲಿಟ್ಟಳು. ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಜೀನೋಮಿಕ್ಸ್ ತರಬೇತಿ. ಸೇರಿದವರಿಗೆಲ್ಲ ನೌಕರಿ ಖಾತ್ರಿ ಎಂದಿತ್ತು.

ನಾವು ಒಡನೆಯೇ ಉತ್ತರ ಕೊಡಲಿಲ್ಲ. ಅದಕ್ಕೆ ನಮ್ಮದೇ ಒಂದು ಹಳೆಯ ತಪ್ಪು ಕಾರಣ. 2003ರಲ್ಲಿ ಮನುಷ್ಯನ ವಂಶವಾಹಿಗಳ ಪೂರ್ಣ ಪಟ್ಟಿ ಸಿದ್ಧವಾಯಿತೆಂದು ಪತ್ರಿಕೆಗಳೆಲ್ಲ ಬರೆದಾಗ, ಮುಂದಿನ ಕಾಲ ಇದರದ್ದೇ ಎಂದು ನಾವು ಅಣ್ಣನಿಗೆ ಹೇಳಿ, ಅವರ ಮಗನನ್ನು ನಗರದ ಖಾಸಗಿ ತರಬೇತಿಗೆ ಸೇರಿಸಿದೆವು. ಆ ವರ್ಷದ ಮೆಣಸಿನ ಹಣವೆಲ್ಲ ಶುಲ್ಕಕ್ಕೆ ಹೋಯಿತು. ಅಲ್ಲಿ ಕಲಿಸಿದ್ದು ಎರಡು ತಂತ್ರಾಂಶಗಳ ಗುಂಡಿ ಒತ್ತುವುದನ್ನು ಮಾತ್ರ. ಹುಡುಗ ಎರಡು ವರ್ಷ ಕೆಲಸಕ್ಕಾಗಿ ಅಲೆದು ಊರಿಗೆ ಹಿಂತಿರುಗಿದ. ಅಣ್ಣ ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆದಕಾರಣ ಈ ಬಾರಿ ಒಂದು ತಿಂಗಳು ಕಾಲಾವಕಾಶ ಕೇಳಿ, ಓದಿ, ತಿಳಿದವರನ್ನು ವಿಚಾರಿಸಿದೆವು. ತಿಳಿದುಬಂದ ಸಂಗತಿಗಳು ಎಲ್ಲ ಸದಸ್ಯರಿಗೂ ಉಪಯುಕ್ತವಾದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

ಏನಿದು ಈ ವಿದ್ಯೆ?

ಪ್ರತಿಯೊಂದು ಜೀವಿಯ ಕಣದೊಳಗೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಗಳಿವೆ. ಅದರಲ್ಲಿ ನಾಲ್ಕೇ ನಾಲ್ಕು ಅಕ್ಷರಗಳು ಬೇರೆ ಬೇರೆ ಕ್ರಮದಲ್ಲಿ ಬರುತ್ತವೆ. ಗಿಡ ಎತ್ತರವೋ ಕುಬ್ಜವೋ, ತುಕ್ಕುರೋಗ ತಡೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಕ್ರಮದಲ್ಲಿ ಅಡಗಿದೆ. ರೊಬಸ್ಟಾ ಕಾಫಿಯಲ್ಲಿ ಸುಮಾರು 71 ಕೋಟಿ ಅಕ್ಷರಗಳು. ಅರೇಬಿಕಾದಲ್ಲಿ 120 ಕೋಟಿಗೂ ಮೇಲೆ. ಅಡಿಕೆಯಲ್ಲಿ ಸುಮಾರು 250 ಕೋಟಿ. ಮನುಷ್ಯನಲ್ಲಿ ಸುಮಾರು 300 ಕೋಟಿ.

ಈ ಅಕ್ಷರಗಳನ್ನು ಓದುವ ಯಂತ್ರಗಳಿವೆ. ಮನುಷ್ಯನದನ್ನು ಮೊದಲ ಬಾರಿಗೆ ಓದಲು 1990ರಿಂದ 2003ರವರೆಗೆ 13 ವರ್ಷ ಹಿಡಿಯಿತು. ಈಗ ಕೆಲವೇ ದಿನ ಸಾಕು. ಆದರೆ ಯಂತ್ರ ಒಂದೇ ಉದ್ದನೆಯ ಎಳೆಯಾಗಿ ಓದಿಕೊಡುವುದಿಲ್ಲ. ಒಂದೇ ಪುಸ್ತಕದ ಹಲವಾರು ಪ್ರತಿಗಳನ್ನು ಚೂರುಚೂರಾಗಿ ಹರಿದು ಗೋಣಿಚೀಲದಲ್ಲಿ ತುಂಬಿಕೊಟ್ಟಂತೆ, ಕೋಟ್ಯಂತರ ತುಂಡುಗಳನ್ನು ಕೊಡುತ್ತದೆ. ಆ ಚೂರುಗಳನ್ನು ಗಣಕಯಂತ್ರದ ಸಹಾಯದಿಂದ ಜೋಡಿಸಿ, ಒಂದು ಗಿಡದ್ದನ್ನು ಇನ್ನೊಂದರೊಡನೆ ಹೋಲಿಸಿ, ಯಾವ ಅಕ್ಷರ ಬದಲಾದರೆ ಯಾವ ಗುಣ ಬದಲಾಗುತ್ತದೆಂದು ಲೆಕ್ಕ ಹಾಕುವುದೇ ಬಯೋಇನ್‌ಫರ್ಮ್ಯಾಟಿಕ್ಸ್. ಅಂದರೆ ಜೀವಶಾಸ್ತ್ರ, ಗಣಿತ, ಗಣಕಯಂತ್ರ ಮೂರೂ ಸೇರಿದ ವಿದ್ಯೆ. ಮೂರರಲ್ಲಿ ಒಂದು ಕಡಿಮೆಯಾದರೂ ಮೂರು ಕಾಲಿನ ಕುರ್ಚಿಯ ಒಂದು ಕಾಲು ಮುರಿದಂತೆ. ನಮ್ಮ ಅಣ್ಣನ ಮಗನಿಗೆ ಆದದ್ದು ಅದೇ.

ನಮ್ಮ ತೋಟಕ್ಕೇನು ಸಂಬಂಧ?

ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರಿಗೆ ಎಲೆ ತುಕ್ಕು ರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿ, ಆ ದೇಶ ಚಹಾಕ್ಕೆ ತಿರುಗುವಂತೆ ಮಾಡಿತು. ನಮ್ಮಲ್ಲಿ ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತು ಹುಟ್ಟಿದ ಗಿಡದ ಸಂತತಿಯಿಂದ ಎಸ್.288 ಬಂತು. ಅದನ್ನು ಕೆಂಟ್ಸ್ ತಳಿಯೊಡನೆ ಸೇರಿಸಿ, ನಮಗೆಲ್ಲ ಗೊತ್ತಿರುವ ಎಸ್.795 ತೆಗೆದರು. ಆ ಹಿರಿಯರ ಬಳಿ ಇದ್ದದ್ದು ಕಣ್ಣು, ತಾಳ್ಮೆ ಮತ್ತು ಲೆಕ್ಕದ ಪುಸ್ತಕ. ಕಾಫಿಯಲ್ಲಿ ಹೊಸ ತಳಿಯೊಂದು ಸಿದ್ಧವಾಗಲು ಇಪ್ಪತ್ತು ವರ್ಷಕ್ಕೂ ಮೇಲೆ ಬೇಕಾಗುತ್ತಿತ್ತು.

ಮುಂದೆ ಬಾಳೆಹೊನ್ನೂರಿನ ವಿಜ್ಞಾನಿಗಳು ಫ್ರಾನ್ಸಿನವರೊಡನೆ ಸೇರಿ ಇದೇ ತಳಿಗಳ ಡಿ.ಎನ್.ಎ. ಪರೀಕ್ಷಿಸಿದರು. ಲೈಬೀರಿಕಾದಿಂದ ಬಂದ, ತುಕ್ಕು ತಡೆಯುವ ಎಸ್.ಎಚ್.3 ಎಂಬ ವಂಶವಾಹಿಯನ್ನು ಪತ್ತೆ ಹಚ್ಚುವ ಗುರುತುಗಳು ದೊರೆತವು. ಇಂಥ ಗುರುತಿನಿಂದಾಗುವ ಅನುಕೂಲವೆಂದರೆ, ಗಿಡ ಬೆಳೆದು ರೋಗ ಬರುವವರೆಗೆ ಕಾಯದೆ, ಸಸಿಯ ಒಂದು ಎಲೆಯಿಂದಲೇ ಆರಿಸಬಹುದು. 2014ರಲ್ಲಿ ರೊಬಸ್ಟಾದ ಪೂರ್ಣ ಅಕ್ಷರಮಾಲೆ ಪ್ರಕಟವಾಯಿತು. ಅದರಲ್ಲಿ 25 ಸಾವಿರಕ್ಕೂ ಹೆಚ್ಚು ವಂಶವಾಹಿಗಳು ಕಂಡವು. 2024ರಲ್ಲಿ ಅರೇಬಿಕಾದ ಸರದಿ. ಸುಮಾರು 6 ಲಕ್ಷ ವರ್ಷಗಳ ಹಿಂದೆ ರೊಬಸ್ಟಾ ಮತ್ತು ಇನ್ನೊಂದು ಕಾಡು ಕಾಫಿ ಸೇರಿ ಅರೇಬಿಕಾ ಹುಟ್ಟಿತೆಂಬ ಅಂದಾಜು ಅದರಿಂದ ಸಿಕ್ಕಿತು. 1920ರ ದಶಕದಲ್ಲಿ ತಿಮೋರ್ ದ್ವೀಪದಲ್ಲಿ ಕಂಡ ಮಿಶ್ರ ಗಿಡದಿಂದ ತುಕ್ಕುನಿರೋಧ ತಂದಿರಬಹುದಾದ ಭಾಗಗಳನ್ನೂ ಆ ವಿಜ್ಞಾನಿಗಳು ಗುರುತಿಸಿದರು. ನಮ್ಮ ಕಾವೇರಿ ಮತ್ತು ಚಂದ್ರಗಿರಿ ತಳಿಗಳಲ್ಲಿ ಹರಿಯುತ್ತಿರುವುದು ಆ ತಿಮೋರ್ ಗಿಡದ ರಕ್ತವೇ.

ಆದರೆ ತುಕ್ಕಿನ ಶಿಲೀಂಧ್ರವೂ ಸುಮ್ಮನೆ ಕೂರುವುದಿಲ್ಲ. ಅದೂ ಬದಲಾಗುತ್ತದೆ. ಒಂದು ಕಾಲಕ್ಕೆ ರೋಗ ತಡೆದ ಎಸ್.795ಕ್ಕೆ ಈಗ ತುಕ್ಕು ಹತ್ತುವುದನ್ನು ನಾವೇ ಕಾಣುತ್ತಿದ್ದೇವೆ. ಹೀಗಾಗಿ ಈ ಕೆಲಸ ಒಂದು ತಲೆಮಾರಿಗೆ ಮುಗಿಯುವಂಥದಲ್ಲ.

ಅಡಿಕೆಯ ಸಂಗತಿಯೂ ಹೀಗೆಯೇ. ಯಳಂದೂರು, ಕೊಳ್ಳೇಗಾಲದ ಬಯಲಿನಲ್ಲಿ ಸಸಿ ಕೊಂಡವರಿಗೆ ಅದು ಹೇಳಿದ ತಳಿಯೇ ಹೌದೋ ಅಲ್ಲವೋ ಎಂಬುದು ತಿಳಿಯಲು ಹಿಂಗಾರ ಬಿಡುವವರೆಗೆ ಐದಾರು ವರ್ಷ ನೀರು, ಗೊಬ್ಬರ ಸುರಿಯಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನಲ್ಲಿ ಎತ್ತರದ ಮತ್ತು ಕುಬ್ಜ ತಳಿಗಳನ್ನು ಡಿ.ಎನ್.ಎ.ಯಿಂದಲೇ ಬೇರ್ಪಡಿಸುವ ಗುರುತನ್ನು ಸಿದ್ಧಪಡಿಸಿದ್ದಾರೆ. ಅಡಿಕೆಯ ಪೂರ್ಣ ಅಕ್ಷರಮಾಲೆಯನ್ನು ಚೀನಾದ ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ಪ್ರಕಟಿಸಿದ್ದಾರೆ. ಅಡಿಕೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ ದೇಶ ನಮ್ಮದು. ಅದರ ಜಾತಕವನ್ನು ಬರೆದವರು ಬೇರೆಯವರಾದರೂ, ಓದಿ ಉಪಯೋಗಿಸುವವರು ನಮ್ಮ ಮಕ್ಕಳಾಗಬೇಕೆಂದು ನಮ್ಮ ಆಸೆ.

ಕೆಲಸ ಎಲ್ಲಿದೆ?

ಈ ವಿದ್ಯೆಗೆ ನಮ್ಮ ದೇಶದಲ್ಲಿ ಬೆಂಗಳೂರು ಒಂದು ದೊಡ್ಡ ನೆಲೆ. ಭಾರತೀಯ ವಿಜ್ಞಾನ ಮಂದಿರದ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಎಂಬ ಕಂಪೆನಿಯನ್ನು ಅಲ್ಲಿಯೇ ಆರಂಭಿಸಿದರು. ಬೇವಿನ ಅಕ್ಷರಮಾಲೆಯನ್ನು 2012ರಲ್ಲಿ, ತುಳಸಿಯದನ್ನು 2015ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ಪ್ರಕಟಿಸಿದರು. 2021ರ ಡಿಸೆಂಬರಿನಲ್ಲಿ ದೇಶದ ಮೊದಲ ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದದ್ದು ಸದಸ್ಯರಿಗೆ ನೆನಪಿರಬಹುದು. ವೈರಾಣುವಿನ ಅಕ್ಷರಗಳನ್ನು ಓದಿದ್ದರಿಂದಲೇ ಅದು ತಿಳಿದದ್ದು. 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ವಂಶವಾಹಿ ಓದುವ ಕಾರ್ಯದ ಮುಂದಾಳತ್ವವೂ ಬೆಂಗಳೂರಿನದೇ. ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು.

ಮನೆಗೆ ಇನ್ನೂ ಹತ್ತಿರದ ಉದಾಹರಣೆ ಹೇಳುವುದಾದರೆ, ಬೆಟ್ಟದ ಪೋಡುಗಳ ಸೋಲಿಗ ಕುಟುಂಬಗಳಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆ. 300 ಕೋಟಿಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದರಿಂದ ಬರುವ ರೋಗ ಅದು. ಅದರ ನಿರ್ಮೂಲನಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ.

ಈಗ ಕಹಿ ಮಾತು. ನೌಕರಿ ಹೆಚ್ಚಾಗಿರುವುದು ಮನುಷ್ಯರ ರೋಗ ಪರೀಕ್ಷೆ, ಔಷಧ ಕಂಪೆನಿಗಳಲ್ಲಿ. ಗಿಡಗಳ ಕೆಲಸ ಅದಕ್ಕಿಂತ ಕಡಿಮೆ. ಸಂಶೋಧನಾ ಸಂಸ್ಥೆಗಳಲ್ಲಿ ಅನೇಕ ಹುದ್ದೆಗಳು ಯೋಜನೆಯ ಅವಧಿಗೆ ಮಾತ್ರ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ನೆಟ್ ಪರೀಕ್ಷೆಯಲ್ಲಿ ಆಯ್ಕೆಯಾಗಿ ಸಂಶೋಧನೆಗೆ ಸೇರಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಹಾಯಧನವುಂಟು. ಆದರೆ ಡಾಕ್ಟರೇಟ್ ಮುಗಿಯಲು ಐದಾರು ವರ್ಷ ಬೇಕು. ಅವಸರದ ಹಣಕ್ಕೆ ಇದು ದಾರಿಯಲ್ಲ.

ಹಾದಿ ಹೇಗೆ?

ಮೊದಲನೆಯದು, ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರದ ಜೊತೆಗೆ ಗಣಿತವನ್ನು ಬಿಡಿಸಬೇಡಿ. ಲೆಕ್ಕ ಕಷ್ಟವೆಂದು ಬಿಟ್ಟವರಿಗೆ ಈ ಬಾಗಿಲು ಅರ್ಧ ಮುಚ್ಚಿದಂತೆಯೇ.

ಎರಡನೆಯದು, ಪದವಿಯಲ್ಲಿ ಕೃಷಿ, ಜೈವಿಕ ತಂತ್ರಜ್ಞಾನ, ಗಣಕ ವಿಜ್ಞಾನ ಯಾವುದಾದರೂ ಆದೀತು. ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ರೈತರ ಮಕ್ಕಳಿಗೆಂದೇ ಮೀಸಲಾದ ಸೀಟುಗಳಿವೆ. ಅದಕ್ಕೆ ಬೇಕಾದ ಪಹಣಿ, ಪ್ರಮಾಣಪತ್ರಗಳನ್ನು ಕಡೇ ಗಳಿಗೆಗೆ ಬಿಡದೆ ಮೊದಲೇ ಸಿದ್ಧಪಡಿಸಿಕೊಳ್ಳಿ.

ಮೂರನೆಯದು, ಎಂ.ಎಸ್ಸಿ. ಮಾಡದೆ ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಗ್ಯಾಟ್-ಬಿ, ಜ್ಯಾಮ್ ಮುಂತಾದ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳ ಮೂಲಕ ಒಳ್ಳೆಯ ಸಂಸ್ಥೆಗಳನ್ನು ಸೇರಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಐಬ್ಯಾಬ್ ಸಂಸ್ಥೆ ಈ ವಿದ್ಯೆಗೆಂದೇ ಸ್ಥಾಪಿತವಾದದ್ದು.

ನಾಲ್ಕನೆಯದು, ಹಣ ಕಟ್ಟುವ ಮುನ್ನ ಮೂರು ತಿಂಗಳು ಬಿಟ್ಟಿಯಾಗಿ ಕಲಿತು ನೋಡಲಿ. ಪೈಥಾನ್, ಆರ್ ಎಂಬ ಗಣಕ ಭಾಷೆಗಳು ಉಚಿತ. ಸ್ವಯಂ ಮತ್ತು ಎನ್‌ಪಿಟಿಇಎಲ್ ಪಾಠಗಳು ಉಚಿತ. ಜಗತ್ತಿನ ವಿಜ್ಞಾನಿಗಳು ಓದಿಟ್ಟ ಅಕ್ಷರಮಾಲೆಗಳು ಅಮೆರಿಕದ ಎನ್‌ಸಿಬಿಐ ಭಂಡಾರದಲ್ಲಿ ಯಾರಿಗಾದರೂ ಉಚಿತ. ಅಲ್ಲಿ ಆಸಕ್ತಿ ಉಳಿದರೆ ಮುಂದಿನ ಮಾತು.

ಇನ್ನು ಖಾಸಗಿ ತರಬೇತಿಯವರನ್ನು ಮೂರು ಪ್ರಶ್ನೆ ಕೇಳಿ. ಕಲಿಸುವವರು ಸ್ವತಃ ಏನು ಕೆಲಸ ಮಾಡಿದ್ದಾರೆ? ಹಿಂದಿನ ವರ್ಷ ಕಲಿತವರು ಈಗ ಎಲ್ಲಿದ್ದಾರೆ, ಅವರೊಡನೆ ಮಾತನಾಡಬಹುದೇ? ಈ ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾನಿಲಯದ ಮಾನ್ಯತೆ ಇದೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ನೌಕರಿ ಖಾತ್ರಿ ಎಂಬ ಮಾತು, ನೂರಕ್ಕೆ ನೂರು ಮೊಳೆಯುತ್ತದೆ ಎಂದು ಬೀಜದ ಗೋಟು ಮಾರುವವನ ಮಾತಿದ್ದಂತೆ.

ತೋಟದ ಲೆಕ್ಕವೂ ವಿಜ್ಞಾನವೇ

ಒಂದು ಸಂಗತಿ ನಮಗೆ ಹೊಸದಾಗಿ ತಿಳಿಯಿತು. ಅಕ್ಷರ ಓದುವುದು ಈಗ ಅಗ್ಗವಾಗಿದೆ. ಅರ್ಥ ಹೇಳುವುದು ಅಗ್ಗವಾಗಿಲ್ಲ. ಯಾವ ಗಿಡಕ್ಕೆ ತುಕ್ಕು ಮೊದಲು ಬಂತು, ಯಾವುದು ಬರಗಾಲ ತಡೆಯಿತು ಎಂಬ ತೋಟದ ಲೆಕ್ಕವಿಲ್ಲದಿದ್ದರೆ ಗಣಕಯಂತ್ರದಲ್ಲಿರುವ ಕೋಟಿ ಅಕ್ಷರಗಳೂ ಮೂಕ. ತುಕ್ಕಿನ ಪುಡಿಯನ್ನು ಬೆರಳಲ್ಲಿ ಒರೆಸಿ ನೋಡಿದ ಮಗುವಿಗೆ ಇಲ್ಲಿ ಪೇಟೆಯ ಮಗುವಿಗಿಂತ ಒಂದು ಹೆಜ್ಜೆ ಮುಂದಿರುವ ಅವಕಾಶವಿದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆಂದು ಅಂಜಬೇಕಾಗಿಲ್ಲ. ಇಂಗ್ಲಿಷನ್ನು ಕಲಿಯಬಹುದು, ತೋಟದ ಅನುಭವವನ್ನು ಕೊಂಡು ತರಲಾಗದು.

ಆ ಸದಸ್ಯರಿಗೆ ಕಡೆಗೆ ನಾವು ಹೇಳಿದ್ದಿಷ್ಟು: ಒಂದೂವರೆ ಲಕ್ಷದ ಕೋರ್ಸಿಗೆ ಸಾಲ ಮಾಡಬೇಡಿ, ಎಂ.ಎಸ್ಸಿ. ಸೀಟು ಸಿಕ್ಕಿದ ದಿನ ಬನ್ನಿ, ಬ್ಯಾಂಕಿನ ಶಿಕ್ಷಣ ಸಾಲದ ಅರ್ಜಿಯನ್ನು ನಾವೇ ಕುಳಿತು ಬರೆದುಕೊಡುತ್ತೇವೆ. ಹುಡುಗಿಯ ಮುಖ ಸ್ವಲ್ಪ ಬಾಡಿತು. ಆದರೂ ಈಗ ಮನೆಯಲ್ಲೇ ಹಳೆಯ ಲ್ಯಾಪ್‌ಟಾಪಿನಲ್ಲಿ ಉಚಿತ ಪಾಠ ಕಲಿಯುತ್ತಿದ್ದಾಳೆ, ಪ್ರವೇಶ ಪರೀಕ್ಷೆಗೂ ಓದುತ್ತಿದ್ದಾಳೆ. ಮೊನ್ನೆ ಅಪ್ಪ ಮತ್ತೆ ಬಂದಿದ್ದರು. "ನಮ್ಮ ತೋಟದಲ್ಲಿ ಯಾವ ಸಾಲಿನ ಹಿಂಗಾರ ಮೊದ್ಲು ಒಣಗ್ತು, ಯಾವ ತಿಂಗ್ಳು ಅಂತ ಕೇಳ್ತಾಳೆ ಸಾ. ನಂಗೆ ಗೊತ್ತಿಲ್ಲ," ಎಂದರು. ಹೋಗುವಾಗ ಪೇಟೆಯಲ್ಲಿ ಒಂದು ನೋಟ್‌ಬುಕ್ ಕೊಂಡರು.

ಆಕೆಗೆ ಸೀಟು ಸಿಗುವುದೋ ಇಲ್ಲವೋ ಈಗಲೇ ಹೇಳಲಾಗದು. ಆದರೆ ಸದಸ್ಯರೆಲ್ಲರೂ ತಮ್ಮ ತೋಟದ ಸಾಲುಗಳ ಲೆಕ್ಕವನ್ನು ಈ ಮಳೆಗಾಲದಿಂದಲೇ ಬರೆದಿಡಬೇಕೆಂದೂ, ವಿಜ್ಞಾನ ಓದುತ್ತಿರುವ ಮಕ್ಕಳನ್ನು ಯಾವುದೇ ಕೋರ್ಸಿಗೆ ಹಣ ಕಟ್ಟುವ ಮುನ್ನ ಒಮ್ಮೆ ಕಚೇರಿಗೆ ಕರೆತರಬೇಕೆಂದೂ ಕೋರುತ್ತೇವೆ. ನಮಗೆ ತಿಳಿದಷ್ಟು ಹೇಳುತ್ತೇವೆ; ಮಿಕ್ಕದ್ದನ್ನು ತಿಳಿದವರ ಬಳಿಗೆ ಕಳುಹಿಸುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ