ಹಳೆಯ ಮತದಾರನೂ ಹೊಸ ರಾಷ್ಟ್ರಪತಿಯೂ

ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ಉಳಿದಿರುವ ಕಾಂಗ್ರೆಸ್ ಬಾವಿ 1924ರ ಅಧಿವೇಶನಕ್ಕಾಗಿ ತೋಡಿಸಿದ್ದು. ಆ ಡಿಸೆಂಬರಿನಲ್ಲಿ ಇಲ್ಲಿ ಸೇರಿದ ಮಹಾಸಭೆಗೆ ಗಾಂಧೀಜಿಯೇ ಅಧ್ಯಕ್ಷರು. ಜೀವಮಾನದಲ್ಲಿ ಅವರು ಆ ಪೀಠದಲ್ಲಿ ಕುಳಿತದ್ದು ಅದೊಂದೇ ಬಾರಿ. ಸ್ವಾತಂತ್ರ್ಯಪೂರ್ವದಲ್ಲಿ ಕಾಂಗ್ರೆಸ್ ಅಧ್ಯಕ್ಷರನ್ನು ಜನ ‘ರಾಷ್ಟ್ರಪತಿ’ ಎಂದು ಕರೆಯುವ ರೂಢಿಯಿತ್ತು. 1950ರಲ್ಲಿ ಸಂವಿಧಾನ ಆ ಹೆಸರನ್ನು ದೇಶದ ಅತ್ಯುನ್ನತ ಪದವಿಗೆ ಕೊಟ್ಟಿತು. ಪಕ್ಷದ ಅಧ್ಯಕ್ಷ ಬೇರೆ, ದೇಶದ ಅಧ್ಯಕ್ಷ ಬೇರೆ ಎಂದಾಯಿತು. ಆದರೆ 1969ರಲ್ಲಿ ಒಂದು ಪೀಠಕ್ಕೆ ನಡೆದ ಚುನಾವಣೆ ಇನ್ನೊಂದು ಪೀಠವನ್ನೇ ಅಲುಗಾಡಿಸಿತು. ಆ ಅಲುಗಾಟ ಬೆಳಗಾವಿಯ ಪೇಟೆಗೂ ಖಾನಾಪುರದ ಭತ್ತದ ಗದ್ದೆಗೂ ಬಂದು ತಲುಪಿತು.

ಹೆಚ್ಚು ಕಂಗಾಲಾದವನು ಹಳೆಯ ಮನೋಧರ್ಮದ ಮತದಾರ. ‘ಸಂಪ್ರದಾಯವಾದಿ’ ಎಂಬ ಮಾತನ್ನು ನಮ್ಮಲ್ಲಿ ಮಡಿ-ಮೈಲಿಗೆಗೆ ಅಂಟಿಸುವುದೇ ಹೆಚ್ಚು. ರಾಜಕೀಯದಲ್ಲಿ ಅದಕ್ಕೆ ಬೇರೆ ಅರ್ಥವಿದೆ. ಇದ್ದ ವ್ಯವಸ್ಥೆ ಏಕಾಏಕಿ ಕದಡಬಾರದು, ಹಿರಿಯರು ಕೂಡಿ ಮಾಡಿದ ನಿರ್ಣಯವನ್ನು ಮುರಿಯಬಾರದು, ಗಳಿಸಿದ ಆಸ್ತಿಗೆ ಕಾನೂನಿನ ಆಸರೆ ಇರಬೇಕು ಎಂದು ನಂಬುವವನು ಈ ಮತದಾರ. ಅವನ ಕೈಯಲ್ಲಿ ರಾಷ್ಟ್ರಪತಿಯನ್ನು ಆರಿಸುವ ಮತವೇ ಇರಲಿಲ್ಲ. ಆದರೂ ಅದರ ಫಲಿತಾಂಶ ಅವನ ಮನೆಯೊಳಕ್ಕೆ ಬಂದುಬಿಟ್ಟಿತು. ಇದು ಹೇಗಾಯಿತು?

ಗಾಜಿನ ಮನೆಯ ಬಿರುಕು

1969ರ ಮೇ 3ರಂದು ರಾಷ್ಟ್ರಪತಿ ಝಾಕೀರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಸ್ಥಾನಕ್ಕೆ ಬಂದರು. ಗಿರಿಯವರು ನಮ್ಮ ನಾಡಿಗೆ ಅಪರಿಚಿತರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರೂ ಕನ್ನಡಿಗರೇ, ಏಕೀಕರಣದ ಧುರೀಣ ಎಸ್. ನಿಜಲಿಂಗಪ್ಪ. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎ.ಐ.ಸಿ.ಸಿ. ಸೇರಿತು. ಅದೇ ಸಂದರ್ಭದಲ್ಲಿ ಪಕ್ಷದ ಸಂಸದೀಯ ಮಂಡಳಿ ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯನ್ನಾಗಿ ಆರಿಸಿತು.

ಮುಂದಿನದು ಎಂಟು ದಿನಗಳ ನಾಟಕ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. 19ರಂದು 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ಅದಕ್ಕೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯ ಬಣವೇ ಕೊನೆಗೆ ‘ಆತ್ಮಸಾಕ್ಷಿಯ ಮತ’ದ ಕರೆ ಕೊಟ್ಟಿತು.

ಇದನ್ನೆಲ್ಲ ಬೆಳಗಾವಿಯಲ್ಲಿ ಕುಳಿತು ಓದಿದ ಹಳೆಯ ಮತದಾರ ಒಬ್ಬನೇ ಅಲ್ಲ, ಮೂವರು ಎನ್ನಬೇಕು. ಮೊದಲನೆಯವನು ಹುದಲಿಯ ಖಾದಿ ತೊಟ್ಟ, 1924ರ ನೆನಪಿನಲ್ಲಿ ಬೆಳೆದ ಕಾಂಗ್ರೆಸ್ಸಿಗ. ಅವನಿಗೆ ಪಕ್ಷದ ಶಿಸ್ತೆಂದರೆ ವ್ರತ. ಮಂಡಳಿಯಲ್ಲಿ ಸೋತವರು ಬಹುಮತಕ್ಕೆ ತಲೆಬಾಗಬೇಕು, ಸಹಿ ಹಾಕಿದ ಮೇಲೆ ಮಾತು ತಪ್ಪಬಾರದು ಎಂಬುದು ಅವನ ಲೆಕ್ಕ. ಎರಡನೆಯವನು ವ್ಯಾಪಾರಿ ಅಥವಾ ಜಮೀನುದಾರ. ಜನಸಂಘ, ಸ್ವತಂತ್ರ ಪಕ್ಷಗಳ ಕಡೆ ಒಲವುಳ್ಳವನು. ಬ್ಯಾಂಕುಗಳ ಸರದಿ ಮುಗಿದ ಮೇಲೆ ಮುಂದಿನ ಸರದಿ ಯಾವುದರದು ಎಂಬುದೇ ಅವನ ಅಂಜಿಕೆ. ಈ ಎರಡು ಪಕ್ಷಗಳು ನಿಲ್ಲಿಸಿದ್ದು ಸಿ.ಡಿ. ದೇಶಮುಖರನ್ನು, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರನ್ನು.

ಮೂರನೆಯವನು ಮರಾಠಿ ಮನೆಮಾತಿನವನು. ಬೆಳಗಾವಿ, ಖಾನಾಪುರಗಳಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ದಶಕಗಳ ಕಾಲ ಬಲವಾದ ನೆಲೆಯಿತ್ತು. ಮುಂಬಯಿಯ ಪ್ರಶ್ನೆಯ ಮೇಲೆ 1956ರಲ್ಲಿ ನೆಹರೂ ಸಂಪುಟ ತೊರೆದ ದೇಶಮುಖರ ಹೆಸರು ಅವನಿಗೆ ಬರಿಯ ಅರ್ಥಶಾಸ್ತ್ರಜ್ಞನದಾಗಿರಲಿಲ್ಲ. ಮೇಲಾಗಿ 1967ರ ಮಹಾಜನ ವರದಿ ಬೆಳಗಾವಿಯನ್ನು ಮೈಸೂರಿನಲ್ಲೇ ಉಳಿಸಿ, ಖಾನಾಪುರ ಮತ್ತು ನಂದಗಡಗಳನ್ನು ಮಹಾರಾಷ್ಟ್ರಕ್ಕೆ ಕೊಡಬಹುದೆಂದಿತ್ತು. ವರದಿಯ ಮುಂದಿನ ಗತಿ ದಿಲ್ಲಿಯ ಕೈಯಲ್ಲಿತ್ತು. ದಿಲ್ಲಿಯಲ್ಲಿ ಯಾರು ಗಟ್ಟಿಯಾಗುತ್ತಾರೆ ಎಂಬುದು ಖಾನಾಪುರದವನಿಗೆ ದೂರದ ಸುದ್ದಿಯಾಗಿರಲಿಲ್ಲ.

ಮತದ ತೂಕ

ಇಷ್ಟೆಲ್ಲ ಆಸಕ್ತಿಯಿದ್ದರೂ ಈ ಮೂವರೂ ಪ್ರೇಕ್ಷಕರೇ. ರಾಷ್ಟ್ರಪತಿಯನ್ನು ಆರಿಸುವವರು ಚುನಾಯಿತ ಸಂಸದರು ಮತ್ತು ಶಾಸಕರು ಮಾತ್ರ. ಶಾಸಕನ ಮತಕ್ಕೆ ರಾಜ್ಯಕ್ಕೊಂದು ತೂಕ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಬರುವುದೇ ಅದರ ಮೌಲ್ಯ. 1961ರ ಜನಗಣತಿ ಹಾಗೂ ಆಗಿನ 216 ಶಾಸಕರ ಲೆಕ್ಕದಲ್ಲಿ ಮೈಸೂರಿನ ಶಾಸಕನೊಬ್ಬನ ಮತ 109 ಆಗುತ್ತಿತ್ತು. ಈಗಿನ ಲೆಕ್ಕಕ್ಕೆ ಆಧಾರ 1971ರ ಜನಗಣತಿ. 2022ರ ಚುನಾವಣೆಯಲ್ಲಿ ಖಾನಾಪುರದ ಶಾಸಕರ ಮತಕ್ಕೆ 131ರ ಬೆಲೆ ಇದ್ದರೆ, ಗಡಿಯಾಚೆ ಮಹಾರಾಷ್ಟ್ರದ ಚಂದಗಡದ ಶಾಸಕರದು 175. ಘಟ್ಟ ಇಳಿದರೆ ಸಿಗುವ ಗೋವೆಯ ಶಾಸಕರದು ಕೇವಲ 20. ಅಕ್ಕಪಕ್ಕದ ಮೂರು ಊರುಗಳ ಪ್ರತಿನಿಧಿಗಳಿಗೆ ಮೂರು ತೂಕ!

ಇನ್ನೊಂದು ವಿಶೇಷ, ಮತ ಗುಪ್ತವಾದದ್ದು. ತನ್ನ ಶಾಸಕ ಬೆಂಗಳೂರಿಗೆ ಹೋಗಿ ಯಾರ ಹೆಸರಿನ ಮುಂದೆ 1 ಎಂದು ಬರೆದ ಎಂಬುದು ಊರಿನ ಮತದಾರನಿಗೆ ತಿಳಿಯುವಂತಿಲ್ಲ. ಪಕ್ಷದ ಆಜ್ಞೆ ಮೀರುವವನಿಗೆ ಅದು ರಕ್ಷಣೆ. ಪಕ್ಷವನ್ನು ನಂಬಿದವನಿಗೆ ಅದೇ ಸಂಶಯದ ಬೀಜ.

ಆಗಸ್ಟ್ 16ರಂದು ಮತದಾನವಾಯಿತು. 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಅಷ್ಟು ದೊರೆಯದೆ, ಭಾರತದ ರಾಷ್ಟ್ರಪತಿ ಚುನಾವಣೆಯಲ್ಲಿ ಮೊದಲ ಬಾರಿಗೆ ಎರಡನೆಯ ಪ್ರಾಶಸ್ತ್ಯವನ್ನು ಎಣಿಸಬೇಕಾಯಿತು. ದೇಶಮುಖರ ಬೆಂಬಲಿಗರ ಎರಡನೆಯ ಮತಗಳು ಬಹುಪಾಲು ರೆಡ್ಡಿಯವರಿಗೇ ಹೋದವು. ಆದರೂ ಸಾಲಲಿಲ್ಲ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಮೈಸೂರಿನ ಶಾಸಕರ ತೂಕದಲ್ಲಿ ಹೇಳುವುದಾದರೆ ಸುಮಾರು 134 ಜನರ ಮತ.

ಈ ಎರಡನೆಯ ಪ್ರಾಶಸ್ತ್ಯಕ್ಕಾಗಿ ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಭೇಟಿಯಾಗಿದ್ದರು. ಪ್ರಧಾನಿಯ ಬಣಕ್ಕೆ ಅದೇ ಅಸ್ತ್ರವಾಯಿತು. ‘ಪ್ರತಿಗಾಮಿಗಳ ಜೊತೆ ಕೈಜೋಡಿಸಿದವರು’ ಎಂಬ ಆರೋಪ ಬಂತು. ಅಂಕಗಣಿತ ಕೇಳಿದ ಕೆಲಸವನ್ನು ರಾಜಕೀಯ ಅಪರಾಧವಾಗಿ ಓದಿತು. ಬೆಳಗಾವಿಯ ಖಾದಿಧಾರಿಗೆ ಇದೇ ದೊಡ್ಡ ಇಕ್ಕಟ್ಟು. ಶಿಸ್ತು ಮುರಿದವರು ಪ್ರಗತಿಪರರು, ಶಿಸ್ತು ಕಾಯ್ದವರು ಪ್ರತಿಗಾಮಿಗಳು!

ಎತ್ತಿನ ಜೋಡಿ ಕಾಣೆಯಾದದ್ದು

ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಪಕ್ಷವೇ ಎರಡಾಯಿತು. ವೀರೇಂದ್ರ ಪಾಟೀಲರ ರಾಜ್ಯ ಸರ್ಕಾರ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನ ಜೊತೆ ನಿಂತಿತು. 1971ರ ಮಾರ್ಚಿನಲ್ಲಿ ಲೋಕಸಭೆಗೆ ಮತ ಹಾಕಲು ಹೋದ ಖಾನಾಪುರದ ರೈತನಿಗೆ ಮತಪತ್ರದಲ್ಲಿ ಹಳೆಯ ಎತ್ತಿನ ಜೋಡಿ ಕಾಣಲಿಲ್ಲ. ಒಂದು ಕಾಂಗ್ರೆಸ್ಸಿಗೆ ಆಕಳು-ಕರು, ಇನ್ನೊಂದಕ್ಕೆ ಚರಕ ನೂಲುವ ಹೆಂಗಸು. ಚರಕ ಯಾರ ನೆನಪೆಂದು ಬೆಳಗಾವಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೆ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಆಕಳು-ಕರು ಗೆದ್ದುಕೊಂಡಿತು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಯ ಘೋಷಣೆಗೆ ಸಹಿ ಹಾಕಿದವರು ಅದೇ ಗಿರಿಯವರು.

ಆಸ್ತಿವಂತನ ಅಂಜಿಕೆಯೂ ಸುಳ್ಳಾಗಲಿಲ್ಲ. 1970ರ ಸೆಪ್ಟೆಂಬರಿನಲ್ಲಿ ಮಾಜಿ ಅರಸರ ಮಾನ್ಯತೆಯನ್ನು ರದ್ದುಪಡಿಸುವ ಆದೇಶಕ್ಕೆ ರಾಷ್ಟ್ರಪತಿ ಅಂಕಿತ ಹಾಕಿದರು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದರೂ, 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ಕೊನೆಗಾಣಿಸಿತು. ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರ 1948ರವರೆಗೆ ಸಾಂಗ್ಲಿ ಸಂಸ್ಥಾನದ್ದು. ಅಲ್ಲಿಯ ಹಿರಿಯರಿಗೆ ಅದು ಪತ್ರಿಕೆಯ ಸುದ್ದಿಯಷ್ಟೇ ಅಲ್ಲ, ತಾವು ಕಂಡ ಒಂದು ಕಾಲದ ಕೊನೆ.

ನಿಜವಾದ ಪೆಟ್ಟು ಬಿದ್ದದ್ದು ನೆಲದಲ್ಲಿ. 1972ರ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 216ರಲ್ಲಿ 165 ಸ್ಥಾನ ಗೆದ್ದು ದೇವರಾಜ ಅರಸರು ಮುಖ್ಯಮಂತ್ರಿಯಾದರು. ಜಮೀನಿನ ಕಾನೂನು ಮೊದಲೇ ಇರಲಿಲ್ಲವೆಂದಲ್ಲ. ಜಮಖಂಡಿಯ ಬಿ.ಡಿ. ಜತ್ತಿಯವರ ಸಮಿತಿಯ ವರದಿಯ ಆಧಾರದ ಮೇಲೆ 1961ರ ಕಾಯಿದೆ ಬಂದಿತ್ತು. ಅದರಲ್ಲಿ ಒಡೆಯನಿಗೆ ಉಸಿರಾಡಲು ಸಂದುಗಳಿದ್ದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಆ ಸಂದುಗಳನ್ನು ಮುಚ್ಚಿತು. ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುವವನಿಗೆ. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ನಮೂನೆ 7ರ ಅರ್ಜಿ ಹಾಕಿದ ಗೇಣಿದಾರ ತನ್ನ ಮಾತನ್ನು ತಾನೇ ಆಡಬೇಕು. ಒಡೆಯನೂ ಅವನೆದುರಿಗೆ ನಿಂತು ಆಡಬೇಕು.

ಇಲ್ಲಿ ಇಬ್ಬರ ಕಷ್ಟವನ್ನೂ ಗಮನಿಸಬೇಕು. ದೊಡ್ಡ ಜಮೀನುದಾರನ ಜೊತೆಗೆ, ನಾಲ್ಕೆಕರೆ ಗದ್ದೆಯನ್ನು ಲಾವಣಿಗೆ ಹಾಕಿ ಪೇಟೆಯಲ್ಲಿ ಸಣ್ಣ ನೌಕರಿ ಮಾಡುತ್ತಿದ್ದವನೂ, ಗೇಣಿಯ ಭತ್ತವನ್ನೇ ನಂಬಿದ ವಿಧವೆಯೂ ಈ ಕಾನೂನಿನ ಬಲೆಯೊಳಗೆ ಬಂದರು. ಕಾನೂನನ್ನು ಮೀರದೆ ಬದುಕಿದ್ದಕ್ಕೆ ಇದೇ ಫಲವೇ ಎಂಬ ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇತ್ತ ಮಲಪ್ರಭೆಯ ಉಗಮದ ಆ ಮಳೆಸೀಮೆಯಲ್ಲಿ ತಲೆಮಾರುಗಳಿಂದ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೆಟ್ಟು, ಸುಗ್ಗಿಯಲ್ಲಿ ಅಳೆದುಕೊಟ್ಟು ಬರುತ್ತಿದ್ದವನ ಹೆಸರು ಉತಾರದಲ್ಲಿ ಮೊದಲ ಬಾರಿಗೆ ಒಡೆಯನ ಜಾಗದಲ್ಲಿ ಬಂತು. ಅವನಿಗೆ ಗಿರಿ ಯಾರು, ರೆಡ್ಡಿ ಯಾರು ಎಂಬುದು ಗೊತ್ತಿರಲೇಬೇಕೆಂದಿಲ್ಲ. ಗೊತ್ತಿದ್ದದ್ದು ಆಕಳು-ಕರು.

ತಡವಾಗಿ ಬಂದ ಜಯ

ರಾಷ್ಟ್ರಪತಿ ಚುನಾವಣೆಯೇ ಭೂಸುಧಾರಣೆಯನ್ನು ತಂದಿತು ಎಂದರೆ ಅತಿಶಯೋಕ್ತಿ. ಆದರೆ ಆ ಚುನಾವಣೆ ಪಕ್ಷವನ್ನು ಒಡೆಯದಿದ್ದರೆ, ಹಳ್ಳಿಯ ಜಮೀನುದಾರನೂ ಅವನ ಗೇಣಿದಾರನೂ ಒಂದೇ ಎತ್ತಿನ ಜೋಡಿಗೆ ಮತ ಹಾಕುತ್ತ ಇನ್ನಷ್ಟು ಕಾಲ ಕಳೆಯುತ್ತಿದ್ದರು. ಒಂದೇ ನೊಗದ ಕೆಳಗಿದ್ದ ಆ ಇಬ್ಬರನ್ನು 1969 ಬೇರೆ ಮಾಡಿತು.

ಹಳೆಯ ಮತದಾರನ ವಾದಕ್ಕೂ ಕಾಲ ಒಂದಿಷ್ಟು ಸಾಕ್ಷಿ ನುಡಿಯಿತು. ಪಕ್ಷದ ಸಾಮೂಹಿಕ ನಿರ್ಣಯವನ್ನು ಒಬ್ಬ ನಾಯಕರ ಇಚ್ಛೆ ಮೀರಬಹುದಾದರೆ ಮುಂದೆ ತಡೆಯುವವರು ಯಾರು ಎಂದು ಅವನು ಕೇಳಿದ್ದ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿಯ ಘೋಷಣೆ ರಾತ್ರಿಯ ಹೊತ್ತು ರಾಷ್ಟ್ರಪತಿ ಭವನಕ್ಕೆ ಹೋಗಿ ಸಹಿಯಾಗಿ ಬಂದಾಗ ಆ ಪ್ರಶ್ನೆಗೆ ತೂಕ ಬಂತು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯಾದವರು ಜಮಖಂಡಿಯ ಜತ್ತಿಯವರೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಜನತಾ ಸರ್ಕಾರದ ಸಲಹೆಗೆ ಸಹಿ ಹಾಕಲು ಅವರು ಮೊದಲು ಹಿಂಜರಿದು, ಏಪ್ರಿಲ್ 30ರಂದು ಹಾಕಿದರು. ಆ ಸಹಿ ಬರಿಯ ಮುದ್ರೆಯೋ ಅಲ್ಲವೋ ಎಂಬ ಚರ್ಚೆ ಹೀಗೆ ಉತ್ತರ ಕರ್ನಾಟಕದ ಮನೆಮಗನ ಮೂಲಕವೇ ದೇಶದ ಮುಂದೆ ಬಂತು.

ಅದೇ ಜುಲೈಯಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಸಲ್ಲಿಕೆಯಾಗಿದ್ದ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿದ್ದವು. 1969ರಲ್ಲಿ 15 ಮಂದಿ ಕಣದಲ್ಲಿದ್ದರು. ಗಿರಿಯವರ ಗೆಲುವನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆಯಲ್ಲಿ ರಾಷ್ಟ್ರಪತಿಯೇ ಸುಪ್ರೀಂ ಕೋರ್ಟಿಗೆ ಬಂದು ಸಾಕ್ಷಿ ಹೇಳಿದ್ದರು. ಇಂಥ ಅನುಭವಗಳ ನಂತರ, 1974ರಲ್ಲಿ, ಅಭ್ಯರ್ಥಿಗೆ ಹತ್ತು ಸೂಚಕರೂ ಹತ್ತು ಅನುಮೋದಕರೂ ಬೇಕೆಂಬ ನಿಯಮ ಬಂತು. ಈಗ ತಲಾ 50 ಜನ ಬೇಕು.

ಎಂಟು ವರ್ಷದ ಮೇಲೆ ಹಳೆಯ ಮತದಾರನ ಅಭ್ಯರ್ಥಿ ಗೆದ್ದಂತಾಯಿತು. ಆದರೆ ಯಾವ ಬಾಗಿಲೂ ಹಿಂದಕ್ಕೆ ತೆರೆಯಲಿಲ್ಲ. ಬ್ಯಾಂಕುಗಳು ಸರ್ಕಾರದವಾಗಿಯೇ ಉಳಿದವು. ಆ ವರ್ಷದ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದರೂ, ಕರ್ನಾಟಕ ತನ್ನ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತ್ತು. ಉತಾರದಲ್ಲಿ ಹೆಸರು ಬಂದವರು, ಬರಲೆಂದು ಕಾದವರು ಅದನ್ನು ಮರೆತಿರಲಿಲ್ಲ.

ರೀತಿ ಸರಿಯಿರಬೇಕು ಎಂದವನೂ ಹೊಲ ತನ್ನದಾಗಬೇಕು ಎಂದವನೂ ಒಂದೇ ತಾಲ್ಲೂಕಿನವರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಐದು ವರ್ಷಕ್ಕೊಮ್ಮೆ ದಿಲ್ಲಿಯಲ್ಲಿ ರಾಷ್ಟ್ರಪತಿಯ ಆಯ್ಕೆ ನಡೆದಾಗ ‘ಅದು ನಮ್ಮ ಮತವಲ್ಲ’ ಎಂದು ಪತ್ರಿಕೆ ಮಡಚಿಡುವುದು ಸುಲಭ. ಖಾನಾಪುರದ ಹಳೆಯ ಉತಾರಗಳನ್ನು ತೆಗೆದು ನೋಡಿದವರು ಮಾತ್ರ ಹಾಗೆನ್ನಲಾರರು.